ಎಡಗಡೆ ಸೀಟಿನ ಏರ್‌ಬ್ಯಾಗ್

ಇದು ನಡೆದ ಕಥೆಯಲ್ಲ... ಓಡಿದ ಕಥೆ. ಕಾರಿನದು ಅಂದಮೇಲೆ ನಡೆಯುವುದೆಲ್ಲಿಂದ ಬಂತು?

ಓದುವ ಮುಂಚೆ ಬೆಲ್ಟ್ ಹಾಕಿಕೊಳ್ಳಿ... ಕೊನೆಯಲ್ಲಿ ಸ್ವಲ್ಪ ಜರ್ಕ್ ಇದೆ.

ತುಮಕೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ರುದ್ರಮೂರ್ತಿ, ಅವರ ಹೆಂಡತಿ ವಿಮಲಾಕ್ಷಿ. ಈ ಕಥೆಯ ಹೊತ್ತಿಗೆ ಮದುವೆಯಾಗಿ ಮೂವತ್ತೊಂದು ವರ್ಷ.

ಮೊದಲು ಸ್ಕೂಟರ್ ಇತ್ತು. ಹೆಲ್ಮೆಟ್ ಒಂದೇ... ಅದು ಓಡಿಸುವವರ ತಲೆಗೆ. ಹಿಂದೆ ಕೂತ ತಲೆಗೆ ಒಂದು ಮೊಳ ಮಲ್ಲಿಗೆ.

ಆಮೇಲೆ ಸೆಕೆಂಡ್ ಹ್ಯಾಂಡ್ ಕಾರು ಬಂತು. ಹೊರಗಡೆ ಕನ್ನಡಿ ಬಲಕ್ಕೆ ಮಾತ್ರ. ಎಡಗಡೆ ಕನ್ನಡಿ ಅಂದರೆ ವಿಮಲಾಕ್ಷಿಯೇ... ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಬಸ್ ಬಂತು, ತಡೀರಿ... ಹೋಯ್ತು, ಈಗ ತಗೊಳಿ" ಅನ್ನುವ ಮಾತಾಡುವ ಕನ್ನಡಿ.

ಅದರ ನಂತರದ ಕಾರಿಗೆ, ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಅನ್ನುವಷ್ಟು ಬುದ್ಧಿ ಬಂದಿತ್ತು. ಅದೂ ಡ್ರೈವರ್ ಸೀಟಿಗೆ ಮಾತ್ರ. ವಿಮಲಾಕ್ಷಿ ತಮ್ಮ ಪಾಲಿನ ಕುಂಯ್ ಕುಂಯ್ ಬಾಯಲ್ಲೇ ಅಂದುಕೊಂಡು ಬೆಲ್ಟ್ ಎಳೆದುಕೊಳ್ಳುತ್ತಿದ್ದರು.

ಇದ್ಯಾವುದಕ್ಕೂ ಆಕೆ ಬೇಸರ ಮಾಡಿಕೊಂಡವರಲ್ಲ. ಕಾಲವೇ ಹಾಗಿತ್ತು... ಎಲ್ಲರ ಮನೆಯಲ್ಲೂ ಹಾಗೇ ಇತ್ತು.

ಕೆಲವು ವರ್ಷಗಳ ಹಿಂದೆ ಶೋರೂಮಿನಿಂದ ಹೊಚ್ಚಹೊಸ ಕಾರು ಬಂತು. ನಿಂಬೆಹಣ್ಣಿನ ಮೇಲೆ ಟೈರ್ ಹತ್ತಿಸುವ ಮೊದಲೇ ರುದ್ರಮೂರ್ತಿ ಬೀದಿಗೆಲ್ಲ ಸಾರಿಬಿಟ್ಟಿದ್ದರು... ನಮ್ಮದು ಏರ್‌ಬ್ಯಾಗ್ ಗಾಡಿ, ಗುದ್ದಿದರೆ ಗಾಳಿಚೀಲ ಬಿಚ್ಚಿಕೊಂಡು ಎದೆ ಕಾಯುತ್ತೆ ಅಂತ.

ಒಂದು ದಿನ ವಿಮಲಾಕ್ಷಿಯ ಅಣ್ಣನ ಮಗಳು ಸಿಂಚನ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಸ್ಟೇರಿಂಗ್ ಮೇಲೆ ಏರ್‌ಬ್ಯಾಗ್ ಅಂತ ಅಕ್ಷರ ಇತ್ತು. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಕೈಯಾಡಿಸಿ ಹುಡುಕಿದಳು.

"ಅತ್ತೆ, ನಿಮ್ಮ ಕಡೆ ಇಲ್ವಲ್ಲ..."

ಮನೆಗೆ ಬಂದ ಮೇಲೆ ವಿಮಲಾಕ್ಷಿ ಗಂಡನನ್ನು ಕೇಳಿದರು. ರುದ್ರಮೂರ್ತಿ ಮೊದಲು ಶೋರೂಮಿನವರ ಮೇಲೆ ಹಾಕಿದರು. ಆಮೇಲೆ, ಸ್ಟೇರಿಂಗ್ ಇರುವವರಿಗೆ ತಾನೇ ಎದೆಗೆ ಹೊಡೆಯುವುದು ಅಂತ ವಾದಿಸಿದರು. ಕೊನೆಗೆ ಬಾಯಿಬಿಟ್ಟರು... ಎರಡೂ ಕಡೆ ಇರುವ ಮಾಡೆಲ್ ಇತ್ತಂತೆ. ಅದು ಬೇಡ ಅಂದು, ಅದರ ಬದಲು ದೊಡ್ಡ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದರಂತೆ.

ವಿಮಲಾಕ್ಷಿ ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದರು.

"ಗುದ್ದಿದ್ರೆ ಇಬ್ರಿಗೂ ಒಟ್ಟಿಗೇ ಗುದ್ದಲ್ವೇನ್ರೀ?"

ರುದ್ರಮೂರ್ತಿ ಅಂಗಡಿಯ ಲೆಕ್ಕದ ಪುಸ್ತಕ ತೆರೆದು ಕೂತರು. ಮೂರು ದಿನ ಅದನ್ನೇ ತಿರುವಿದರು.

ನಾಲ್ಕನೇ ದಿನ ಕಾರು ತೊಳೆಸಿಕೊಂಡು ಬಂದು, ಎಡಬಾಗಿಲು ತೆರೆದು ಹೆಂಡತಿಯನ್ನು ಕರೆದರು. ಡ್ಯಾಶ್‌ಬೋರ್ಡ್ ಮೇಲೆ ಬೆಳ್ಳಿ ಬಣ್ಣದ ಅಕ್ಷರ ಹೊಳೆಯುತ್ತಿತ್ತು... ಏರ್‌ಬ್ಯಾಗ್. ಶೋರೂಮಿನವರೇ ಬಿಚ್ಚಿ ಒಳಗೆ ಕೂರಿಸಿಕೊಟ್ಟರು ಅಂದರು.

ವಿಮಲಾಕ್ಷಿಯ ಕಣ್ಣು ತುಂಬಿತು. ಒಳಗಿನಿಂದ ಅರಿಶಿನ ಕುಂಕುಮ ತಂದು ಆ ಅಕ್ಷರಗಳಿಗೆ ಇಟ್ಟರು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು... ನಮ್ಮನೆಯವರು ಬಾಯಿ ಜೋರು ಅಷ್ಟೇ, ಮನಸ್ಸು ಹೂವು ಅಂತ.

ಒಮ್ಮೆ ನಾಯಿ ಅಡ್ಡ ಬಂದು ಸಡನ್ ಬ್ರೇಕ್ ಹಾಕಿದಾಗ, ಏರ್‌ಬ್ಯಾಗ್ ಯಾಕೆ ಬಿಚ್ಚಲಿಲ್ಲ ಅಂತ ಕೇಳಿದರು. ಅದು ಸಣ್ಣಪುಟ್ಟದ್ದಕ್ಕೆಲ್ಲ ಬಿಚ್ಚುವುದಿಲ್ಲ, ಭಾರಿ ಸ್ವಾಭಿಮಾನಿ ಅಂದರು ರುದ್ರಮೂರ್ತಿ. ಆಕೆ ನಂಬಿದರು.

ಅಲ್ಲಿಯವರೆಗೆ ಕಾರಿನಲ್ಲಿ ಅವರ ಒಂದು ಕೈ ಯಾವಾಗಲೂ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದೇ ಇರುತ್ತಿತ್ತು. ಈಗ ಆ ಕೈ ಕೆಳಗಿಳಿಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ವಿಮಲಾಕ್ಷಿ ಹೈವೇಯಲ್ಲಿ ನಿದ್ದೆ ಮಾಡಿದರು... ಬಾಯಿ ತೆರೆದುಕೊಂಡು, ನೆಮ್ಮದಿಯಾಗಿ.

ಎರಡು ತಿಂಗಳ ನಂತರ ತಿಪಟೂರಿನಲ್ಲಿ ನೆಂಟರ ಮದುವೆ. ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ವಿಮಲಾಕ್ಷಿ ಕಾರಿನ ಹತ್ತಿರ ಬಂದರೆ, ಅಲ್ಲಿ ಗಂಡಸರ ಗುಂಪು ನಗುತ್ತಾ ನಿಂತಿದೆ. ಎಡಬಾಗಿಲು ತೆರೆದಿದೆ.

ನಡುವೆ ರುದ್ರಮೂರ್ತಿ. ಹೆಗಲ ಮೇಲಿನ ಟವೆಲನ್ನು ಸೆರಗಿನಂತೆ ಎಳೆದುಕೊಂಡು, ಥೇಟ್ ಹೆಂಡತಿಯ ದನಿಯಲ್ಲಿ ಮಾತಾಡುತ್ತಿದ್ದಾರೆ.

"ನಂಗೂ ಹಾಕ್ಸಿಬಿಟ್ರಾ ರೀ... ಎಷ್ಟ್ ಒಳ್ಳೇವ್ರು ರೀ ನೀವು..."

ಆಮೇಲೆ ತಮ್ಮದೇ ದನಿಗೆ ಇಳಿದರು.

"ಸ್ಟಿಕ್ಕರ್ ಕಣ್ರಯ್ಯ. ನಂಬರ್ ಪ್ಲೇಟ್ ಬರೆಯೋನ ಹತ್ರ ಹತ್ತು ನಿಮಿಷದ ಕೆಲಸ. ಪಾಪ, ಪೂಜೆ ಬೇರೆ ಮಾಡಿದ್ಲು."

ಉಗುರಿನಿಂದ ಅದರ ಒಂದು ಮೂಲೆ ಎಬ್ಬಿಸಿಯೂ ತೋರಿಸಿದರು.

ಹಿಂದೆ ನಿಂತಿದ್ದ ಆಕೆಯನ್ನು ಕಂಡವರು ನಗು ನುಂಗಿಕೊಂಡರು. ರುದ್ರಮೂರ್ತಿ ತಿರುಗಿ ನೋಡಿದರು. ತಮಾಷೆಗೆ ಮಾಡಿದ್ದು ಕಣೇ ಅಂದರು.

ವಿಮಲಾಕ್ಷಿ ತೆರೆದಿದ್ದ ಎಡಬಾಗಿಲಿನ ಹತ್ತಿರ ಹೋದರು. ಎರಡು ತಿಂಗಳು ತಾನು ಯಾವುದನ್ನು ನಂಬಿ ಕಣ್ಣು ಮುಚ್ಚಿದ್ದೆ ಅಂತ ಒಮ್ಮೆ ಬಗ್ಗಿ ನೋಡಿದರು... ಕುಂಕುಮ ಇನ್ನೂ ಅಕ್ಷರಗಳ ಅಂಚಿನಲ್ಲಿತ್ತು.

ಎದ್ದ ಮೂಲೆ ಹಿಡಿದು ಪೂರ್ತಿ ಕಿತ್ತರು. ಗಂಡನ ಎದುರು ಬಂದು, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಎದೆಯ ಮೇಲೆ ಅದನ್ನು ಅಂಟಿಸಿ, ಅಂಗೈಯಿಂದ ಎರಡು ಸಲ ಒತ್ತಿದರು.

"ಇದನ್ನೂ ನೀವೇ ಇಟ್ಕೊಳಿ. ನಿಮ್ಗೆ ಎರಡಾಯ್ತು."

ಗುಂಪಿನಲ್ಲಿ ಮತ್ತೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ವಿಮಲಾಕ್ಷಿಯೇ...

ಉಳಿದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಸ್ಟಿಕ್ಕರ್ ಕೀಳಲು ಹೋದ ರುದ್ರಮೂರ್ತಿಯ ಕೈ ಎದೆಯ ಮೇಲೇ ನಿಂತುಹೋಯಿತು.

ಆಕೆ ಮಾತ್ರ ನಗುತ್ತಲೇ ಆಟೊ ನಿಲ್ಲಿಸಿದರು... ನಗುತ್ತಲೇ ಬಸ್ ಸ್ಟ್ಯಾಂಡ್ ಅಂದರು... ಸೆರಗಿನಿಂದ ಎಷ್ಟು ಒರೆಸಿದರೂ ಕೆನ್ನೆ ಒಣಗಲಿಲ್ಲ.

ಆಟೊ ತಿರುವು ದಾಟಿದ ಮೇಲೂ ಆ ನಗು ಕೇಳುತ್ತಿತ್ತು.

*

ಪಕ್ಕದ ಸೀಟಿನಲ್ಲಿ ಒಬ್ಬರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ ಅಂದರೆ, ಅವರ ಜೀವ ನಿಮ್ಮ ಮಾತಿನ ಮೇಲೆ ತಲೆಯಿಟ್ಟು ಮಲಗಿದೆ.

ನಿಮ್ಮನ್ನು ನಂಬಿ ಎಡಗಡೆ ಕೂತವರ ಮುಂದೆ ಇರುವುದು ಏರ್‌ಬ್ಯಾಗೋ... ಸ್ಟಿಕ್ಕರೋ?