ಎರಡು ಮನೆಯ ಸಾಮಾನು

"ಹೋಯ್ತು!" ಎನ್ನುತ್ತ ಲಾರಿಯ ಡ್ರೈವರ್ ಕೆಳಗೆ ಹಾರಿ ತಲೆಯ ಮೇಲೆ ಕೈಯಿಟ್ಟುಕೊಂಡ. ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಮುರಿದು ಲಾರಿ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಬೆಳಿಗ್ಗೆ ಹೊರಟವರು ಇನ್ನೂ ಅರ್ಧ ದಾರಿಯನ್ನೂ ಕಂಡಿರಲಿಲ್ಲ. ಸುತ್ತ ಬಟ್ಟಬಯಲು, ದೂರದಲ್ಲೊಂದು ಇಟ್ಟಿಗೆ ಗೂಡು.

"ಮರದ ತುಂಡಿನ ಆಸರೆ ಕೊಟ್ಟು, ಹಗ್ಗ ಬಿಗಿದು ಹೇಗೋ ಓಡಿಸ್ತೀನಿ. ಆದ್ರೆ ಮುಂದೆ ಏರು ರಸ್ತೆ. ಇಷ್ಟು ಭಾರ ಹೊತ್ಕೊಂಡು ಹತ್ತೋದು ಆಗದ ಮಾತು," ಅಂದ ಡ್ರೈವರ್. "ಅಲ್ಲಾ ಯಜಮಾನ್ರೇ, ಎರಡೆರಡು ಮಂಚ, ಎರಡೆರಡು ಬೀರು, ಎರಡೆರಡು ಮೇಜು! ಒಂದೊಂದನ್ನ ಇಲ್ಲೇ ಬಿಡಿ. ಯಾವುದು ಅಂತ ನೀವಿಬ್ಬರೂ ಮಾತಾಡ್ಕೊಳ್ಳಿ."

ಎರಡೆರಡು ಇರದೆ ಇನ್ನೇನು! ಸಾಮಾನಿನ ಜೊತೆ ಹೊರಟಿದ್ದ ಟೈಲರ್, ನರ್ಸಮ್ಮ ಇಬ್ಬರಿಗೂ ಇದು ಎರಡನೇ ಮದುವೆ. ಟೈಲರ್‌ನ ಮೊದಲ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನರ್ಸಮ್ಮನ ಮೊದಲ ಗಂಡನೂ ಹಾಗೇ. ಬೆರಳಿಗೆ ಹೊಕ್ಕ ಸೂಜಿ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದ ಟೈಲರ್, ಬೆರಳು ವಾಸಿಯಾದ ಮೇಲೂ ಹೋಗುತ್ತಲೇ ಇದ್ದ. ಮೂರು ತಿಂಗಳ ಹಿಂದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಈಗ ಅವಳಿಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗ. ಅವನ ಮನೆಯದನ್ನೂ ಅವಳ ಹಳೆಯ ಮನೆಯದನ್ನೂ ಒಂದೇ ಲಾರಿಗೆ ತುಂಬಿದ್ದರು.

ಆದರೆ ಟೈಲರ್‌ನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. 'ಚೆನ್ನಾಗಿದೆ', 'ಪರವಾಗಿಲ್ಲ', 'ನಿಮಗೆ ಹೇಗೆ ಸರಿಯೋ ಹಾಗೆ'. ಈ ಮೂರು ತಿಂಗಳಲ್ಲಿ ನರ್ಸಮ್ಮನ ಬಾಯಿಂದ ಬಂದದ್ದು ಇಷ್ಟೇ. ಅವನಾದರೂ ಏನು ಕಡಿಮೆ? ಹಳೆಯ ಅಭ್ಯಾಸದಲ್ಲಿ ಹೆಂಡತಿಯನ್ನೇ 'ಸಿಸ್ಟರ್' ಎಂದು ಕರೆದು ನಾಲಿಗೆ ಕಚ್ಚಿಕೊಂಡಿದ್ದ ಮಹಾನುಭಾವ! ಇವಳು ಮನೆಯಲ್ಲಿ ನೆಂಟರ ಹಾಗಿದ್ದಾಳೆ, ನೆಂಟರು ಎಷ್ಟು ದಿನ ಇದ್ದರೂ ಒಂದು ದಿನ ಹೊರಡುವವರೇ ಎಂಬ ಭಯ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ರಸ್ತೆ ಬದಿಯಲ್ಲಿ ಇಳಿಸಿಟ್ಟ ಸಾಮಾನು ನೋಡಿ ಇಟ್ಟಿಗೆ ಗೂಡಿನ ಮೇಸ್ತ್ರಿ ಟ್ರ್ಯಾಕ್ಟರ್ ನಿಲ್ಲಿಸಿದ. "ಮಾರಾಟಕ್ಕಾ ಸಾರ್?"

"ಮಾರಾಟಕ್ಕಲ್ಲ, ಲಾರಿ ಕೈಕೊಟ್ಟಿದೆ. ನಾವು ಬಿಟ್ಟು ಹೋಗೋದನ್ನ ಹಾಗೇ ತಗೊಂಡು ಹೋಗಿ," ಅಂದ ಟೈಲರ್. "ಮೊದಲು ನನ್ನ ಮಂಚ ಎತ್ತಿ. ಇವರದು ಇರಲಿ."

"ಅಯ್ಯೋ ಬೇಡ, ನನ್ನದೇ ಕೊಡಿ," ಅಂದಳು ನರ್ಸಮ್ಮ ಮೆಲ್ಲಗೆ.

"ಛೆ, ಹಾಗಂದ್ರೆ ಹೇಗೆ?"

"ಸರಿ, ನಿಮಗೆ ಹೇಗೆ ಸರಿಯೋ ಹಾಗೆ."

ಮೇಸ್ತ್ರಿ ಒಂದು ಮಂಚ ಎತ್ತಿದ, ಇಳಿಸಿದ, ಇನ್ನೊಂದಕ್ಕೆ ಕೈಹಾಕಿದ. "ನೀವು ತೀರ್ಮಾನ ಮಾಡೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗತ್ತೆ ಸಾರ್!" ಕೊನೆಗೆ ಟೈಲರ್ ತಾನೇ ಒಂದು ಕಡೆ ಹಿಡಿದು ತನ್ನ ತೇಗದ ಮಂಚವನ್ನು ಟ್ರ್ಯಾಕ್ಟರಿನತ್ತ ಎಳೆದ.

"ಇಳಿಸ್ರೀ ಕೆಳಗೆ!"

ಇಡೀ ವಾರ್ಡನ್ನು ಗಪ್‌ಚಿಪ್ ಮಾಡುವ ದನಿ ಅದು. ಮೇಸ್ತ್ರಿ ಮಂಚ ಕೈಬಿಟ್ಟ. ಲಾರಿಯ ಕೆಳಗಿದ್ದ ಡ್ರೈವರ್ ಬೆಚ್ಚಿ ತಲೆ ಬಡಿಸಿಕೊಂಡ.

"ತಲೆ ನೆಟ್ಟಗಿದೆಯೇನ್ರೀ ನಿಮಗೆ? ಇಂಥ ಗಟ್ಟಿ ಮಂಚ ಯಾರಾದ್ರೂ ಕೊಡ್ತಾರಾ? ನನ್ನ ಕಬ್ಬಿಣದ ಮಂಚದಲ್ಲಿ ಮಗ್ಗುಲು ಬದಲಾಯಿಸಿದ್ರೆ ಮೂರು ಮನೆಗೆ ಕೇಳತ್ತೆ!"

ಟೈಲರ್ ಬಾಯಿ ಬಿಟ್ಟುಕೊಂಡು ನಿಂತ. "ಮೊದಲೇ ಹೇಳಬಾರದಿತ್ತಾ?"

"ಏನೇನು ಹೇಳ್ಲಿ? ನೀವು ಮಾಡೋ ಟೀ ಸಕ್ಕರೆ ಪಾಕದ ಥರ ಇರತ್ತೆ, ಅದನ್ನ ಹೇಳಿದ್ನಾ?"

"ದಿನಾ ಚೆನ್ನಾಗಿದೆ ಅಂತ ಕುಡೀತಿದ್ರಿ!"

"ಮತ್ತೇನ್ಮಾಡ್ಲಿ? ಬಂದ ಕೂಡ್ಲೇ ಜಗಳಕ್ಕೆ ನಿಲ್ಲಲಾ?"

"ಹಾಗಾದ್ರೆ ನಾನೂ ಹೇಳ್ತೀನಿ ಕೇಳಿ. ಕೋಳಿ ಕೂಗೋ ಮೊದಲೇ ಎದ್ದು ಮನೆ ತುಂಬಾ ಲೈಟ್ ಹಾಕ್ತೀರಲ್ಲ, ಅದೇನು ಮನೆನಾ, ಆಸ್ಪತ್ರೆನಾ?"

"ಆಸ್ಪತ್ರೆನೇ! ರೋಗಿ ಹಾಗೆ ಗೊರಕೆ ಹೊಡೆದ್ರೆ ನನಗೆಲ್ಲಿಂದ ನಿದ್ದೆ ಬರಬೇಕು?"

ಮೇಸ್ತ್ರಿ ನಗು ತಡೆಯಲಾರದೆ ಅತ್ತ ತಿರುಗಿದ. ಟೈಲರ್‌ಗೆ ಮಾತ್ರ ಮೈಯೆಲ್ಲ ಹಗುರಾದಂತಿತ್ತು. ಬೈಸಿಕೊಂಡು ಇಷ್ಟು ಸುಖಪಟ್ಟವರು ಲೋಕದಲ್ಲಿ ಇನ್ನೊಬ್ಬರಿರಲಾರರು. ಆ ಹುರುಪಿನಲ್ಲೇ ತನ್ನ ಹಳೆಯ ಬೀರುವಿನ ಕಡೆ ಕೈತೋರಿಸಿ, "ಸರಿ, ಇದನ್ನಾದ್ರೂ ಎತ್ತಿ," ಅಂದ.

"ಅದನ್ನ ಮುಟ್ಟಿದ್ರೆ ನೋಡಿ ಮತ್ತೆ!" ನರ್ಸಮ್ಮ ಅಡ್ಡ ಬಂದು ನಿಂತಳು. ಆಮೇಲೆ ದನಿ ತಗ್ಗಿತು. "ಅದು ಅಕ್ಕನ ಬೀರು. ಅವರು ಕಟ್ಟಿದ ಮನೆಗೆ ತಾನೇ ನಾನು ಬಂದಿರೋದು? ಅವರನ್ನ ರಸ್ತೆ ಮೇಲೆ ಬಿಟ್ಟು ಹೋಗೋಕಾಗತ್ತಾ? ನನ್ನದನ್ನ ಕೊಡಿ. ಅದರ ಬಾಗಿಲು ಹಾಕೋಕೇ ಬರಲ್ಲ."

ತೀರಿಕೊಂಡವಳ ಮಾತನ್ನು ಇವಳ ಮುಂದೆ ಆಡಬಾರದೆಂದು ಟೈಲರ್ ಇಷ್ಟು ದಿನ ತುಟಿ ಹೊಲಿದುಕೊಂಡಿದ್ದ. ಇವಳು ಎಷ್ಟು ಸಲೀಸಾಗಿ 'ಅಕ್ಕ' ಅಂದುಬಿಟ್ಟಳು! ಅವನು ಬೀರುವಿನ ಮೇಲಿನ ಧೂಳು ಒರೆಸಿದ. "ಹಾಗಾದ್ರೆ ನಿಮ್ಮವರು ಕೂರ್ತಿದ್ದ ಆರಾಮಕುರ್ಚಿನೂ ಬರಲಿ," ಅಂದ.

"ಬರತ್ತೆ. ನಿಮ್ಮನ್ನ ಕೇಳಿದ್ನಾ ನಾನು?" ಅಂದವಳೇ ಸೆರಗು ಸಿಕ್ಕಿಸಿಕೊಂಡು, ಯಾವುದು ಲಾರಿಗೆ, ಯಾವುದು ಟ್ರ್ಯಾಕ್ಟರಿಗೆ ಎಂದು ಮೂವರು ಗಂಡಸರನ್ನೂ ಓಡಾಡಿಸತೊಡಗಿದಳು.

ಕಬ್ಬಿಣದ ಮಂಚದ ಇನ್ನೊಂದು ತುದಿ ಹಿಡಿದಿದ್ದ ಮೇಸ್ತ್ರಿ ಅವಳ ಕಡೆ ನೋಡಿ ಪಿಸುದನಿಯಲ್ಲಿ ಕೇಳಿದ: "ಮದುವೆಯಾಗಿ ಎಷ್ಟು ವರ್ಷ ಆಯ್ತು ಸಾರ್?"

"ಏನ್ರೀ ಅಲ್ಲಿ ಮಾತು? ಬೇಗ ಬನ್ರೀ!" ಲಾರಿಯ ಕಡೆಯಿಂದ ಕೂಗು ಬಂತು.

"ಬಂದೆ, ಬಂದೆ," ಅಂದ ಟೈಲರ್. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಮುಖದ ತುಂಬ ನಕ್ಕ.

"ಈಗಷ್ಟೇ ಆಯ್ತು."