ಹೆಂಚಿನ ಮೇಲಿನ ಹೆಜ್ಜೆ

ಮೂರನೆಯ ಮೇಸ್ತ್ರಿ ಏಣಿಯಿಂದ ಇಳಿದು ಕೈ ಕೊಡವಿಕೊಳ್ಳುವಷ್ಟರಲ್ಲೇ ಅವಳು ಅವನನ್ನು ಹಿತ್ತಲಿನ ಮೂಲೆಗೆ ಕರೆದೊಯ್ದಳು. "ಮೆತ್ತಗೆ ಹೇಳಿ, ಅಪ್ಪ ಒಳಗಿದ್ದಾರೆ."

"ಹೇಳೋದೇನಿದೆ ಅಕ್ಕ. ಹೆಂಚೇನೋ ಗಟ್ಟಿಯಾಗಿದೆ. ಕೆಳಗಿನ ಜಂತಿಗಳನ್ನ ಗೆದ್ದಲು ತಿಂದು ತೇಗಿದೆ. ರಿಪೇರಿ ಗಿಪೇರಿ ಅಂತ ಹೋಗ್ಬೇಡಿ. ಪೂರ್ತಿ ಬಿಚ್ಚಿ ಹೊಸ ಮರ ಹಾಕ್ಬೇಕು."

ಮೊನ್ನೆ ಬಂದಿದ್ದ ಇಬ್ಬರೂ ಇದನ್ನೇ ಹೇಳಿದ್ದರು. ಇವನಾದರೂ ಬೇರೆ ಏನಾದರೂ ಹೇಳಿಯಾನು ಎಂದು ಕಾದವಳ ಮುಖ ಇಳಿದುಹೋಯಿತು. ಆ ಸೂರು ಕಟ್ಟಿದ್ದು ಅಪ್ಪನೇ. ಮಂಡಿ ಕೈಕೊಡುವವರೆಗೆ ಊರಿಗೆಲ್ಲ ಸೂರು ಕಟ್ಟಿಕೊಟ್ಟ ಮನುಷ್ಯ. ಬೀದಿಯವರು ಇಂದಿಗೂ ಏಣಿಯಜ್ಜ ಎಂದೇ ಕರೆಯುತ್ತಾರೆ. ಮನೆಗೆ ಯಾರೇ ಬರಲಿ, ಮೇಲೆ ಬೆರಳು ತೋರಿಸಿ, "ನಾನು ಹೋದ ಮೇಲೂ ಇದು ಐವತ್ತು ವರ್ಷ ಅಲ್ಲಾಡಲ್ಲ" ಎನ್ನದೆ ಬಿಟ್ಟವರಲ್ಲ. ಈ ವಯಸ್ಸಿನಲ್ಲಿ ಅವರಿಗೆ ಉಳಿದಿರುವ ಜಂಬ ಅದೊಂದೇ. ಅದನ್ನೂ ಕಿತ್ತುಕೊಳ್ಳಲು ಮಗಳಿಗೆ ಮನಸ್ಸು ಬರಲಿಲ್ಲ.

"ಒಳಗೆ ಬಂದು, ನಾಲ್ಕು ಹೆಂಚು ಬದಲಾಯಿಸಿದ್ರೆ ಸಾಕು ಅಂದ್ಬಿಡಿ. ನಾಳೆನೇ ಅವರನ್ನ ನನ್ನ ತಂಗಿ ಮನೆಗೆ ಒಂದು ತಿಂಗಳು ಕಳಿಸ್ತೀನಿ, ಅವರಿಗೂ ಬೆಳಿಗ್ಗೆನೇ ಹೇಳಿಟ್ಟಿದ್ದೀನಿ. ಅಷ್ಟರಲ್ಲಿ ಮರವೆಲ್ಲ ಬದಲಾಯಿಸಿ, ಇದೇ ಹಳೇ ಹೆಂಚು ಹೊದಿಸಿ. ಅವರಿಗೆ ಗೊತ್ತೇ ಆಗ್ಬಾರ್ದು."

ಮೇಸ್ತ್ರಿ ತಲೆ ಕೆರೆದುಕೊಂಡ. "ಸುಳ್ಳು ನನಗೆ ಅಷ್ಟಾಗಿ ಬರಲ್ಲ ಅಕ್ಕ," ಎಂದರೂ ಹಿಂದೆಯೇ ಬಂದ.

ಅಪ್ಪ ನಡುಕೋಣೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮೇಸ್ತ್ರಿ ನಿಂತಲ್ಲೇ ಪಾಠ ಒಪ್ಪಿಸಿದ. "ಭೇಷಾಗಿದೆ ಅಜ್ಜ. ನಾಲ್ಕು ಹೆಂಚು ಬದಲಾಯಿಸಿದ್ರೆ ಆಯ್ತು. ಮರವೆಲ್ಲ ಕಬ್ಬಿಣ ಇದ್ದಂಗಿದೆ."

"ಹೌದಾ? ಮತ್ತೆ ಈ ಕೋಣೆ ಮೇಲೆ ಒಂದು ಹೆಜ್ಜೆನೂ ಇಡ್ಲಿಲ್ವಲ್ಲಪ್ಪ ನೀನು," ಎಂದರು ಅಪ್ಪ. "ಇಲ್ಲೇ ಕೂತು ಕೇಳ್ತಿದ್ದೆ. ಕೆಳಗೆ ಗೋಡೆ ಇರೋ ಕಡೆ ಮಾತ್ರ ಕಾಲಿಟ್ಟು, ಸುತ್ತು ಬಳಸಿ ಹೋದೆ. ಮೊನ್ನೆ ಬಂದಿದ್ದವರೂ ಹಂಗೇ ನಡೆದ್ರು. ಮರದ ಮೇಲೆ ನಂಬಿಕೆ ಇಲ್ಲದಾಗ ನಾವೆಲ್ಲ ಹಂಗೇ ಅಲ್ವಾ ನಡೆಯೋದು?"

ಮೇಸ್ತ್ರಿ ನೆಲ ನೋಡಿದ. ಅವಳಿಗೆ ಕಣ್ಣು ತುಂಬಿ ಬಂತು. ಅಪ್ಪ ಕೈ ಚಾಚಿ ಅವಳನ್ನು ಹತ್ತಿರ ಕೂರಿಸಿಕೊಂಡು, ಚಿಕ್ಕವಳಿದ್ದಾಗ ಸವರುತ್ತಿದ್ದ ಹಾಗೆ ತಲೆ ಸವರಿದರು.

"ಪೂರ್ತಿ ಬಿಚ್ಚಿಸು ಮಗಳೇ. ನಾನು ನಾಳೆ ನಿನ್ನ ತಂಗಿ ಮನೆಗೂ ಹೋಗಲ್ಲ. ಅಂಗಳದಲ್ಲೇ ಕುರ್ಚಿ ಹಾಕ್ಕೊಂಡು ಇವನ ಕೆಲಸ ನೋಡ್ತೀನಿ."

"ಬೇಜಾರಾಯ್ತಾ ಅಪ್ಪ?"

ಅಪ್ಪ ತಲೆಯೆತ್ತಿ ಸೂರು ನೋಡಿದರು. "ಸೂರು ಹೋಗಿದ್ದಕ್ಕಲ್ಲ. ನಾನೂ ಎಷ್ಟೋ ಮನೇಲಿ, ಮಕ್ಕಳು ಕೇಳ್ಕೊಂಡ್ರು ಅಂತ, ವಯಸ್ಸಾದವರ ಮುಂದೆ ಇದೇ ಸುಳ್ಳು ಹೇಳಿದ್ದೀನಿ. ಆ ಹಿರಿಯರು ಸರಿ ಅಂತ ನಗ್ತಾ ತಲೆ ಆಡಿಸ್ತಿದ್ರು. ಅವರೆಲ್ಲ ನಂಬಿದ್ರು ಅಂತಲೇ ಇಷ್ಟು ದಿನ ಅಂದ್ಕೊಂಡಿದ್ದೆ."