ಹಳದಿ ಕೊರಳು

ಪಿಳ್ಳಪ್ಪನ ರೆಸಾರ್ಟಿಗೆ ನೊಣವೂ ಬರುತ್ತಿರಲಿಲ್ಲ. ಎದುರು ಗುಡ್ಡದಲ್ಲಿ ಅಕ್ಕನ ಗಂಡ ಚೌಡಪ್ಪನ ರೆಸಾರ್ಟು ಮಾತ್ರ ಸದಾ ಭರ್ತಿ. ಆ ಹೊಟ್ಟೆಯುರಿಯಲ್ಲಿದ್ದಾಗಲೇ ಹಕ್ಕಿಗಳನ್ನು ಅಧ್ಯಯನ ಮಾಡುವ ಮೇಡಂ ಒಬ್ಬರು ಬಂದರು. ಪಿಳ್ಳಪ್ಪನ ಬಂಡೆಗಳ ನಡುವೆ ಹಾಡುವುದು ಹಳದಿ ಕೊರಳಿನ ಪಿಕಳಾರ, ಅಳಿವಿನ ಭೀತಿಯಲ್ಲಿರುವ ಹಕ್ಕಿ ಎಂದರು. ಎದುರು ಗುಡ್ಡದ್ದು ಅದರ ದಾಯಾದಿ, ಬಿಳಿಹುಬ್ಬಿನ ಪಿಕಳಾರ, ಪೊದೆಯಿದ್ದಲ್ಲೆಲ್ಲ ಸಿಗುವಂಥದ್ದು.

ಪಿಳ್ಳಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆದ್ದಾರಿಯುದ್ದಕ್ಕೂ ಫ್ಲೆಕ್ಸ್ ಕಟ್ಟಿಸಿದ. ಪತ್ರಿಕೆಯವರನ್ನು ಕರೆದು ಬಾಡೂಟ ಹಾಕಿಸಿದ. ಉಣ್ಣಲು ಬಂದ ಭಾವನನ್ನೂ ಬಿಡಲಿಲ್ಲ.

"ಏನ್ ಭಾವ, ನಿಮ್ ಹಕ್ಕಿ ಬೇಲಿ ಮೇಲೂ ಸಿಗತ್ತಂತಲ್ಲ?"

"ಹೂಂ ಕಣಪ್ಪ, ನಮ್ದು ಬಡವರ ಹಕ್ಕಿ," ಎಂದು ಚೌಡಪ್ಪ ಮುದ್ದೆ ಮುರಿದ.

"ನಮ್ದು ಹಂಗಲ್ಲ. ಸರ್ಕಾರಾನೇ ಬಂದು ನೋಡ್ಬೇಕು!"

ಸುದ್ದಿ ಓದಿ ಸರ್ಕಾರವೂ ಬಂತು. ಪಿಳ್ಳಪ್ಪ ಅರಣ್ಯಾಧಿಕಾರಿಗೆ ಹಾರ ಹಾಕಿ, ಶಾಲು ಹೊದಿಸಿ, ತಾನೇ ಮುಂದೆ ನಿಂತು ಬಂಡೆಸಂದಿಯ ಗೂಡು ತೋರಿಸಿದ. ಅಧಿಕಾರಿ ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ.

"ಅನುಮಾನವೇ ಇಲ್ಲ, ಹಳದಿ ಕೊರಳಿನದೇ," ಎಂದರು ಕೊನೆಗೆ. "ನಿಮ್ಮಂಥ ಪರಿಸರಪ್ರೇಮಿಗಳು ಸಿಗೋದೇ ಅಪರೂಪ. ಇನ್ಮೇಲೆ ಈ ಗುಡ್ಡ ಪೂರ್ತಿ ಹಕ್ಕಿಗೇ ಬಿಟ್ಟಿದ್ದು. ತಿಂಗಳೊಳಗೆ ರೆಸಾರ್ಟ್ ಕೆಡವಿ ಜಾಗ ಖಾಲಿ ಮಾಡಿ."

ಪಿಳ್ಳಪ್ಪ ಒಂದು ಗಳಿಗೆ ಅಧಿಕಾರಿಯ ಕೊರಳಲ್ಲಿದ್ದ ಹಾರವನ್ನೇ ನೋಡಿದ. ಆಮೇಲೆ ದಬಕ್ಕನೆ ಅವರ ಕಾಲಿಗೆ ಬಿದ್ದ.

"ಅಯ್ಯೋ ಸ್ವಾಮಿ, ಇದೂ ಬಿಳಿಹುಬ್ಬಿಂದೇ! ಕೊರಳಿಗೆ ಅರಿಶಿನ ಹಚ್ಚಿದ್ದು ನಾನೇ!"